ಹುಟ್ಟಿದಾಗಿನ ತೂಕ ಮತ್ತು ಸಕ್ಕರೆ ಕಾಯಿಲೆ: ಹಾರ್ಟ್‌ಫರ್ಡ್‌ಶೈರ್‌ನಿಂದ ಮೈಸೂರಿನವರೆಗೆ



ಮನೆಯಲ್ಲಿ ಮಗು ಹುಟ್ಟಿತೆಂಬ ಸುದ್ದಿ ಬಂದ ಕೂಡಲೇ ನಾವು ಕೇಳುವ ಪ್ರಶ್ನೆಗಳು ಎರಡು. ಗಂಡೋ ಹೆಣ್ಣೋ? ತಾಯಿ ಮಗು ಚೆನ್ನಾಗಿದ್ದಾರೆಯೇ? ಮಗುವಿನ ತೂಕ ಎಷ್ಟು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕೇಳಿದರೂ ನಾಲ್ಕು ದಿನದಲ್ಲಿ ಮರೆಯುತ್ತೇವೆ. ಆ ಒಂದು ಅಂಕಿಗೂ ಮಗುವಿನ ಐವತ್ತು, ಅರವತ್ತನೆಯ ವಯಸ್ಸಿನಲ್ಲಿ ಬರಬಹುದಾದ ಸಕ್ಕರೆ ಕಾಯಿಲೆಗೂ ಸಂಬಂಧವಿದೆ ಎಂದರೆ ನೀವು ನಂಬುತ್ತೀರಾ? ವೈದ್ಯ ಲೋಕವೂ ಮೊದಲು ಇದನ್ನು ನಂಬಲಿಲ್ಲ. ಈ ಸಂಬಂಧವನ್ನು ಕಂಡುಹಿಡಿದ ಚರಿತ್ರೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಆರಂಭವಾಗಿ ನಮ್ಮ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ದೊಡ್ಡ ತಿರುವು ಪಡೆಯಿತು. ಆ ಚರಿತ್ರೆಯನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ದಾದಿಯರ ತಕ್ಕಡಿ

1899ರಿಂದ 1902ರವರೆಗೆ ಬ್ರಿಟಿಷರು ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ನಡೆಸಿದರು. ಸೈನ್ಯಕ್ಕೆ ಸೇರಲು ಬಂದ ಯುವಕರಲ್ಲಿ ಬಹಳ ಮಂದಿ ದೈಹಿಕ ಪರೀಕ್ಷೆಯಲ್ಲೇ ಅನರ್ಹರಾದರು. ಜಗತ್ತನ್ನೇ ಆಳುತ್ತಿದ್ದ ದೇಶದ ಯುವಕರು ಇಷ್ಟು ಬಡಕಲಾಗಿದ್ದಾರೆಯೇ ಎಂದು ಸರ್ಕಾರ ಗಾಬರಿಗೊಂಡಿತು. ಇದನ್ನು ವಿಚಾರಿಸಲು ನೇಮಿಸಿದ ಸಮಿತಿ 1904ರಲ್ಲಿ ವರದಿ ಕೊಟ್ಟಿತು. ತಾಯಿ ಮತ್ತು ಶಿಶುವಿನ ಆರೈಕೆ ಆ ಬಳಿಕ ಸರ್ಕಾರದ ಚಿಂತೆಯೂ ಆಯಿತು.

ಲಂಡನ್ನಿನ ಉತ್ತರಕ್ಕೆ ಹಾರ್ಟ್‌ಫರ್ಡ್‌ಶೈರ್ ಎಂಬ ಜಿಲ್ಲೆ ಇದೆ. ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮಹಿಳೆ ಅಲ್ಲಿ ಮುಖ್ಯ ಆರೋಗ್ಯ ಸಂದರ್ಶಕಿಯಾಗಿ, ಸೂಲಗಿತ್ತಿಯರ ಮೇಲ್ವಿಚಾರಕಿಯಾಗಿ ನೇಮಕಗೊಂಡರು. ತರಬೇತಿ ಪಡೆದ ದಾದಿಯರ ಒಂದು ಪಡೆಯನ್ನೇ ಅವರು ಕಟ್ಟಿದರು. ಹೆರಿಗೆಯಾದ ಕೂಡಲೇ ದಾದಿ ಮಗುವನ್ನು ತೂಗಿ ಕಾರ್ಡಿನಲ್ಲಿ ಬರೆಯಬೇಕು. ನಂತರ ಮನೆಗೆ ಹೋಗಿ ಮಗು ತಾಯಿಯ ಹಾಲು ಕುಡಿಯುತ್ತಿದೆಯೋ, ಸೀಸೆ ಹಾಲು ಕುಡಿಯುತ್ತಿದೆಯೋ ನೋಡಬೇಕು. ಒಂದು ವರ್ಷ ತುಂಬಿದಾಗ ಮತ್ತೆ ತೂಗಬೇಕು. 1911ರಿಂದ 1948ರವರೆಗೆ ಇವೆಲ್ಲವೂ ದೊಡ್ಡ ಲೆಡ್ಜರ್ ಪುಸ್ತಕಗಳಲ್ಲಿ ಅಚ್ಚುಕಟ್ಟಾಗಿ ದಾಖಲಾದವು.

ವಿದ್ಯಾರ್ಥಿ ಮಿತ್ರರೇ, ಆ ದಾದಿಯರಿಗೆ ಸಂಶೋಧನೆ ಮಾಡುತ್ತಿದ್ದೇವೆ ಎಂಬ ಕಲ್ಪನೆಯೂ ಇರಲಿಲ್ಲ. ಕೊಟ್ಟ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು, ಮಾಡಿದ್ದನ್ನು ಬರೆದಿಟ್ಟರು, ಅಷ್ಟೇ. ಆ ಬರಹದ ಬೆಲೆ ಏನೆಂದು ತಿಳಿಯಲು ಎಪ್ಪತ್ತು ವರ್ಷಗಳು ಬೇಕಾದವು.

ಬಾರ್ಕರ್ ಕಂಡ ಒಗಟು

ಡೇವಿಡ್ ಬಾರ್ಕರ್ (1938-2013) ಇಂಗ್ಲೆಂಡಿನ ಸೌತಾಂಪ್ಟನ್ ನಗರದಲ್ಲಿ ವೈದ್ಯಕೀಯ ಸಂಶೋಧಕರಾಗಿದ್ದರು. ಅವರಿಗೆ ಒಂದು ಒಗಟು ಎದುರಾಯಿತು. ಹೃದಯದ ಕಾಯಿಲೆ ಉಂಡುಟ್ಟು ಸುಖವಾಗಿರುವವರ ಕಾಯಿಲೆ ಎಂದು ಆಗ ಎಲ್ಲರೂ ಭಾವಿಸಿದ್ದರು. ಆದರೆ ಇಂಗ್ಲೆಂಡಿನಲ್ಲಿ ಆ ಕಾಯಿಲೆಯಿಂದ ಸಾಯುವವರು ಹೆಚ್ಚಾಗಿದ್ದುದು ಬಡ ಪ್ರದೇಶಗಳಲ್ಲಿ. ಬಾರ್ಕರ್ ಮತ್ತು ಅವರ ಸಹೋದ್ಯೋಗಿ ಆಸ್ಮಂಡ್ ಇಂಗ್ಲೆಂಡ್ ಹಾಗೂ ವೇಲ್ಸ್‌ನ 212 ಸ್ಥಳೀಯ ಆಡಳಿತ ಪ್ರದೇಶಗಳ ಅಂಕಿ ಅಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. 1921-25ರಲ್ಲಿ ಎಲ್ಲಿ ಎಳೆಯ ಕೂಸುಗಳು ಹೆಚ್ಚು ಸತ್ತಿದ್ದವೋ, 1968-78ರಲ್ಲಿ ಅಲ್ಲಿಯೇ ಹೃದಯದ ಕಾಯಿಲೆಯಿಂದ ಹೆಚ್ಚು ಜನ ಸತ್ತಿದ್ದರು. ಈ ಫಲಿತಾಂಶ 1986ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಶಿಶುಗಳನ್ನು ಕೊಲ್ಲುವ ಅಪೌಷ್ಟಿಕತೆ, ಬದುಕುಳಿದವರ ಮೈಯಲ್ಲೂ ಒಂದು ಗುರುತು ಬಿಟ್ಟುಹೋಗುತ್ತದೆಯೇ ಎಂಬ ಪ್ರಶ್ನೆ ಹುಟ್ಟಿದ್ದು ಹೀಗೆ.

ಪ್ರದೇಶಗಳ ಲೆಕ್ಕ ಸಾಕಾಗುವುದಿಲ್ಲ, ಒಬ್ಬೊಬ್ಬ ವ್ಯಕ್ತಿಯ ಲೆಕ್ಕ ಬೇಕು. ಅದಕ್ಕಾಗಿ ಹುಡುಕಿದಾಗ ಸಿಕ್ಕಿದ್ದೇ ಹಾರ್ಟ್‌ಫರ್ಡ್‌ಶೈರ್‌ನ ಲೆಡ್ಜರ್‌ಗಳು. ಮದುವೆಯ ನಂತರ ಹೆಣ್ಣುಮಕ್ಕಳ ಹೆಸರು ಬದಲಾಗುವುದರಿಂದ ಅವರನ್ನು ಪತ್ತೆ ಹಚ್ಚುವುದು ಕಷ್ಟವಿತ್ತು, ಹಾಗಾಗಿ ಮೊದಲು ಗಂಡಸರನ್ನು ಹುಡುಕಿದರು. 1911ರಿಂದ 1930ರ ನಡುವೆ ಹುಟ್ಟಿದ 5,654 ಗಂಡಸರ ವಿವರ ಒಟ್ಟಾಯಿತು. ಹುಟ್ಟಿದಾಗ ಮತ್ತು ಒಂದು ವರ್ಷ ತುಂಬಿದಾಗ ತೂಕ ಕಡಿಮೆ ಇದ್ದವರಲ್ಲೇ ಹೃದಯಾಘಾತದ ಸಾವು ಅತಿ ಹೆಚ್ಚಾಗಿತ್ತೆಂದು 1989ರಲ್ಲಿ ಪ್ರಕಟಿಸಿದರು.

ಮುಂದಿನ ಪ್ರಶ್ನೆ ಸಕ್ಕರೆ ಕಾಯಿಲೆಯದು. ಬಾರ್ಕರ್ ಅವರು ಕೇಂಬ್ರಿಡ್ಜ್‌ನ ನಿಕೋಲಸ್ ಹೇಲ್ಸ್ ಎಂಬ ವಿಜ್ಞಾನಿಯ ಜೊತೆ ಸೇರಿದರು. ರಕ್ತದಲ್ಲಿ ಇನ್ಸುಲಿನ್ ಅಳೆಯುವ ವಿಧಾನದಲ್ಲಿ ಹೇಲ್ಸ್ ದೊಡ್ಡ ಹೆಸರು. ಅದೇ ಜಿಲ್ಲೆಯಲ್ಲಿ ಹುಟ್ಟಿ ಅಲ್ಲಿಯೇ ನೆಲೆಸಿದ್ದ, ಸುಮಾರು 64 ವರ್ಷದ 370 ಗಂಡಸರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಿದರು. 1991ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟಿದಾಗ ಐದೂವರೆ ಪೌಂಡ್, ಅಂದರೆ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇಕಡಾ 40ರಷ್ಟು ಮಂದಿಗೆ ಸಕ್ಕರೆ ಕಾಯಿಲೆ ಅಥವಾ ಅದರ ಹಿಂದಿನ ಹಂತ ಇತ್ತು. ಒಂಬತ್ತೂವರೆ ಪೌಂಡ್‌ಗಿಂತ ಹೆಚ್ಚು ತೂಗಿದ್ದವರಲ್ಲಿ ಅದು ಶೇಕಡಾ 14 ಮಾತ್ರ. ಅತಿ ಕಡಿಮೆ ತೂಕದ ಗುಂಪಿನಲ್ಲಿದ್ದವರು ಇಪ್ಪತ್ತೇ ಜನ ಎಂಬುದನ್ನೂ ಹೇಳಬೇಕು. ಆದರೆ ನಡುವಿನ ಗುಂಪುಗಳಲ್ಲೂ ತೂಕ ಹೆಚ್ಚಿದಂತೆ ಕಾಯಿಲೆ ಇಳಿಯುತ್ತಾ ಹೋಗಿತ್ತು.

ಗರ್ಭದಲ್ಲಿ ಕಲಿತ ಮಿತವ್ಯಯ

ಹೀಗೇಕೆ ಆಗುತ್ತದೆ? ಅಮೆರಿಕದ ವಿಜ್ಞಾನಿ ಜೇಮ್ಸ್ ನೀಲ್ 1962ರಲ್ಲೇ ಒಂದು ಉತ್ತರ ಕೊಟ್ಟಿದ್ದರು. ಬರಗಾಲಗಳನ್ನು ದಾಟಿ ಬಂದ ಮನುಷ್ಯನ ವಂಶವಾಹಿಯಲ್ಲೇ ಉಳಿತಾಯದ ಗುಣ ಇದೆ, ಊಟ ಹೆಚ್ಚಾದ ಕಾಲದಲ್ಲಿ ಅದೇ ಗುಣ ಮುಳುವಾಗುತ್ತದೆ ಎಂಬುದು ಅವರ ವಾದ. ಹೇಲ್ಸ್ ಮತ್ತು ಬಾರ್ಕರ್ 1992ರಲ್ಲಿ ಬೇರೆ ಉತ್ತರ ಕೊಟ್ಟರು. ಉಳಿತಾಯದ ಪಾಠ ವಂಶವಾಹಿಯಲ್ಲಿ ಬರೆದದ್ದಲ್ಲ, ತಾಯಿಯ ಗರ್ಭದಲ್ಲಿ ಕಲಿತದ್ದು ಎಂದರು.

ಇದನ್ನು ನಮ್ಮ ಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ಸಂಬಳ ಸಾಲದ ಮನೆಯಲ್ಲಿ ಯಜಮಾನ ಏನು ಮಾಡುತ್ತಾನೆ? ಅಕ್ಕಿ, ಬಾಡಿಗೆ ಮೊದಲು. ಬಟ್ಟೆ ಬರೆ ಆಮೇಲೆ. ಗರ್ಭದಲ್ಲಿರುವ ಶಿಶುವೂ ಹಾಗೆಯೇ. ತಾಯಿಯಿಂದ ಬರುವ ಆಹಾರ ಸಾಲದಿದ್ದಾಗ ಅದು ಮೆದುಳಿನ ಪಾಲನ್ನು ಮೊದಲು ಕಾಪಾಡುತ್ತದೆ. ಸ್ನಾಯು, ಮೂತ್ರಪಿಂಡ, ಮೇದೋಜೀರಕ ಗ್ರಂಥಿಗಳ ಪಾಲು ಕಡಿತವಾಗುತ್ತದೆ. ಇನ್ಸುಲಿನ್ ತಯಾರಿಸುವ ಕಣಗಳಿರುವುದು ಈ ಮೇದೋಜೀರಕ ಗ್ರಂಥಿಯಲ್ಲಿ. ಆ ಕಣಗಳ ಬೆಳವಣಿಗೆ ಬಹುಪಾಲು ನಡೆಯುವುದು ಗರ್ಭದಲ್ಲಿ ಮತ್ತು ಹುಟ್ಟಿದ ಮೊದಲ ವರ್ಷಗಳಲ್ಲಿ. ಇನ್ನು ಸ್ನಾಯುಗಳೇ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಬಳಸುವ ಅಂಗ. ಸ್ನಾಯು ಕಡಿಮೆಯಾದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ಹೀಗೆ ಹುಟ್ಟಿದ ಮಗು ಜೀವನವಿಡೀ ಮಿತವಾಗಿ ಉಂಡು, ಮೈಮುರಿದು ದುಡಿದರೆ ತೊಂದರೆ ಕಾಣದೇ ಇರಬಹುದು. ಅದೇ ಮಗು ಬೆಳೆದು ಕುರ್ಚಿ ಕೆಲಸ ಹಿಡಿದು, ಕರಿದ ತಿಂಡಿ, ಸಿಹಿ ತಿಂಡಿ, ಬೇಕರಿ ತಿನಿಸುಗಳ ನಡುವೆ ದಪ್ಪಗಾದರೆ, ಚಿಕ್ಕ ಸಂಸಾರಕ್ಕೆಂದು ಕಟ್ಟಿದ ಮನೆಗೆ ಇಡೀ ಬೀಗರ ದಂಡು ಬಂದಿಳಿದಂತೆ. ಉರ್ದುವಿನಲ್ಲಿ 'ಬುನಿಯಾದ್' ಎಂಬ ಒಳ್ಳೆಯ ಪದವಿದೆ. ಬುನಿಯಾದ್ ಎಂದರೆ ತಳಪಾಯ. ಇಲ್ಲಿನ ಮಾತೆಲ್ಲ ಆ ಬುನಿಯಾದಿನದೇ.

ಹಸಿವಿನ ಚಳಿಗಾಲ

ಗರ್ಭಿಣಿಯರನ್ನು ಉಪವಾಸ ಕೆಡವಿ ಯಾರೂ ಪ್ರಯೋಗ ಮಾಡುವಂತಿಲ್ಲ. ಆದರೆ ಯುದ್ಧ ಅಂಥ ಕ್ರೌರ್ಯವನ್ನೂ ಮಾಡಿತು. 1944ರ ಸೆಪ್ಟೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ರೈಲ್ವೆ ನೌಕರರು ಜರ್ಮನ್ನರ ವಿರುದ್ಧ ಮುಷ್ಕರ ಹೂಡಿದರು. ಸೇಡಿಗಾಗಿ ಜರ್ಮನ್ನರು ದೇಶದ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆಯನ್ನು ತಡೆದರು. ಆ ಚಳಿಗಾಲದ ಕಡು ತಿಂಗಳುಗಳಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಪಡಿತರ ದಿನಕ್ಕೆ 400ರಿಂದ 800 ಕ್ಯಾಲೊರಿಗೆ ಇಳಿಯಿತು. 1945ರ ಮೇ ತಿಂಗಳಲ್ಲಿ ದೇಶ ಬಿಡುಗಡೆಯಾಗುವವರೆಗೆ ಜನ ಹಸಿವಿನಿಂದ ಸತ್ತರು.

ಆ ನಗರದ ಒಂದು ಆಸ್ಪತ್ರೆಯಲ್ಲಿ ಹೆರಿಗೆಯ ದಾಖಲೆಗಳು ಉಳಿದಿದ್ದವು. ಆಗ ಹುಟ್ಟಿದವರಿಗೆ ಐವತ್ತು ವರ್ಷವಾದಾಗ 702 ಮಂದಿಯನ್ನು ಪರೀಕ್ಷಿಸಿದರು. 1998ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಗರ್ಭದ ನಡುವಿನ ಅಥವಾ ಕೊನೆಯ ತಿಂಗಳುಗಳಲ್ಲಿ ಬರಕ್ಕೆ ಸಿಕ್ಕಿದವರ ರಕ್ತದಲ್ಲಿ, ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರ ಸಕ್ಕರೆ ಹೆಚ್ಚಿತ್ತು. ಮುಂದೆ ದಪ್ಪಗಾದವರಲ್ಲಿ ಅದು ಇನ್ನೂ ಹೆಚ್ಚು. ಗರ್ಭದ ಮೊದಲ ತಿಂಗಳುಗಳಲ್ಲಿ ಮಾತ್ರ ಬರ ಕಂಡವರು ಸಾಮಾನ್ಯ ತೂಕದಲ್ಲೇ ಹುಟ್ಟಿದ್ದರು, ಆದರೂ ಮುಂದೆ ಅವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಅಂದರೆ ತೂಕ ಒಂದು ಗುರುತು ಮಾತ್ರ. ನಿಜವಾದ ವಿಷಯ ಗರ್ಭದೊಳಗಿನ ಪೋಷಣೆ.

ಮಂಡಿ ಮೊಹಲ್ಲಾದ ಆಸ್ಪತ್ರೆ

ಈಗ ನಮ್ಮ ನಾಡಿಗೆ ಬರೋಣ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೆಸ್ಲಿಯನ್ ಮಿಷನ್‌ನವರು ಕಟ್ಟಿದ್ದು. 1934ರಿಂದ ಅಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುವ ಪದ್ಧತಿ ಇತ್ತು. ಆ ಕಾಲಕ್ಕೆ ನಮ್ಮ ದೇಶದಲ್ಲಿ ಇದು ಅಪರೂಪದ ಸಂಗತಿ. ಸೌತಾಂಪ್ಟನ್‌ನ ಡಾ. ಕೆರೋಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಕೂಡಿ, ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆಗೆ ಜನರನ್ನು ಕಳಿಸಿ, ಅಲ್ಲಿ ಹುಟ್ಟಿದವರನ್ನು ಹುಡುಕಿಸಿದರು.

ಮೊದಲ ಫಲಿತಾಂಶ 1996ರಲ್ಲಿ ಬಂತು. 1934ರ ನಂತರದ ಎರಡು ದಶಕಗಳಲ್ಲಿ ಹುಟ್ಟಿದ 517 ಮಂದಿಯ ಪೈಕಿ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇಕಡಾ 11 ಮಂದಿಗೆ ಹೃದಯದ ಕಾಯಿಲೆ ಇತ್ತು, 3.1 ಕಿಲೋ ಮತ್ತು ಮೇಲ್ಪಟ್ಟವರಲ್ಲಿ ಶೇಕಡಾ 3. ಇದು ಇಂಗ್ಲೆಂಡಿನ ಕಥೆಯಂತೆಯೇ ಇತ್ತು. ಆದರೆ ಸಕ್ಕರೆ ಕಾಯಿಲೆಯ ಲೆಕ್ಕ ಬೇರೆಯೇ ಬಂತು. 39ರಿಂದ 60 ವರ್ಷದ 506 ಮಂದಿಯಲ್ಲಿ ಶೇಕಡಾ 15ರಷ್ಟು ಜನರಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಹೆಚ್ಚಾಗಿ ಕಂಡದ್ದು ಬಡಕಲಾಗಿ ಹುಟ್ಟಿದವರಲ್ಲಲ್ಲ, ಗಿಡ್ಡವಾಗಿ ಆದರೆ ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರೂ ಸಾಮಾನ್ಯಕ್ಕಿಂತ ಹೆಚ್ಚು ತೂಕದವರಾಗಿದ್ದರು. 1998ರಲ್ಲಿ ಇದು ಪ್ರಕಟವಾದಾಗ ಎಲ್ಲರೂ ಮತ್ತೆ ಯೋಚಿಸಬೇಕಾಯಿತು.

ಸಂಶೋಧಕರು ಕೊಟ್ಟ ವಿವರಣೆ ಇದು. ಆ ತಾಯಂದಿರಲ್ಲಿ ಹಲವರಿಗೆ ಬಸುರಿನಲ್ಲೇ ಸಕ್ಕರೆ ಏರಿರಬೇಕು. ಡೆನ್ಮಾರ್ಕಿನ ವೈದ್ಯ ಪೆಡರ್ಸನ್ 1950ರ ದಶಕದಲ್ಲೇ ವಿವರಿಸಿದಂತೆ, ತಾಯಿಯ ರಕ್ತದ ಸಕ್ಕರೆ ಮಾಸುಚೀಲವನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಆಗ ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿ, ಬಂದ ಸಕ್ಕರೆಯನ್ನೆಲ್ಲ ಕೊಬ್ಬು ಮಾಡಿಕೊಳ್ಳುತ್ತದೆ. ಅಮೆರಿಕದ ಪೀಮಾ ಬುಡಕಟ್ಟಿನವರಲ್ಲೂ 1994ರಲ್ಲಿ ಇಂಥದ್ದೇ ಕಂಡಿತ್ತು: ತೀರಾ ಕಡಿಮೆ ತೂಕದವರಿಗೂ ಅಪಾಯ, ತೀರಾ ಹೆಚ್ಚು ತೂಕದವರಿಗೂ ಅಪಾಯ.

ಈ ಅನುಮಾನವನ್ನು ಪರೀಕ್ಷಿಸಲು ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ 'ಪಾರ್ಥೆನಾನ್ ಅಧ್ಯಯನ' ಆರಂಭವಾಯಿತು. ಗರ್ಭಿಣಿಯರಿಗೆಲ್ಲ ಗ್ಲೂಕೋಸ್ ಪರೀಕ್ಷೆ ಮಾಡಿದಾಗ ಶೇಕಡಾ 6ಕ್ಕೂ ಹೆಚ್ಚು ಮಂದಿಗೆ ಬಸುರಿನ ಸಕ್ಕರೆ ಕಾಯಿಲೆ ಕಂಡಿತು. ಅವರ ಮಕ್ಕಳನ್ನು ವರ್ಷ ವರ್ಷವೂ ನೋಡುತ್ತಾ ಬಂದರು. ಆ ಮಕ್ಕಳು ಒಂಬತ್ತೂವರೆ ವರ್ಷದವರಾಗುವ ಹೊತ್ತಿಗೆ, ಬೇರೆ ಮಕ್ಕಳಿಗಿಂತ ಅವರ ಮೈಯಲ್ಲಿ ಕೊಬ್ಬು ಹೆಚ್ಚಾಗಿತ್ತು, ಇನ್ಸುಲಿನ್ ಸರಿಯಾಗಿ ನಾಟುತ್ತಿರಲಿಲ್ಲ.

ಈಗ ಸರಪಳಿಯನ್ನು ನೋಡಿ. ಬಡತನದಲ್ಲಿ ಹೆಣ್ಣು ಮಗುವೊಂದು ಕಡಿಮೆ ತೂಕದಲ್ಲಿ ಹುಟ್ಟುತ್ತದೆ. ಬೆಳೆದು, ಪಟ್ಟಣ ಸೇರಿ, ಮೈ ಬಂದು ಬಸುರಿಯಾದಾಗ ಅವಳ ಸಕ್ಕರೆ ಏರುತ್ತದೆ. ಅವಳ ಮಗು ದುಂಡಗೆ ಹುಟ್ಟುತ್ತದೆ. ಆ ಮಗುವಿಗೂ ಮುಂದೆ ಕಾಯಿಲೆ. ಅಜ್ಜಿಯ ಹಸಿವು ಮೊಮ್ಮಗನ ಸಕ್ಕರೆಯಾಗುವುದು ಹೀಗೆ.

ಪುಣೆ ಮತ್ತು ದೆಹಲಿಯ ಪಾಠಗಳು

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ತಂಡದವರು 1993ರಿಂದ ಆರು ಹಳ್ಳಿಗಳ ತಾಯಂದಿರನ್ನು ಅಭ್ಯಾಸ ಮಾಡಿದರು. ಅಲ್ಲಿನ ಮಕ್ಕಳ ಸರಾಸರಿ ತೂಕ 2.7 ಕಿಲೋ, ಸೌತಾಂಪ್ಟನ್‌ನ ಮಕ್ಕಳದು 3.5 ಕಿಲೋ. ಆದರೆ ನಮ್ಮ ಸಣ್ಣ ಮಕ್ಕಳಲ್ಲಿ ಕಡಿಮೆಯಾಗಿದ್ದುದು ಸ್ನಾಯು ಮತ್ತು ಒಳಾಂಗಗಳು. ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ನೋಡಲು ತೆಳ್ಳಗೆ, ಒಳಗೆ ಕೊಬ್ಬು! ಇಂಗ್ಲಿಷರಷ್ಟು ದಪ್ಪಗಾಗದೆಯೇ ನಮ್ಮವರಿಗೆ ಸಣ್ಣ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬರುವುದಕ್ಕೆ ಇದೊಂದು ಕಾರಣವೆಂದು ಅವರು ಹೇಳುತ್ತಾರೆ. ಸೊಪ್ಪು, ಹಣ್ಣು, ಹಾಲನ್ನು ಪದೇ ಪದೇ ಸೇವಿಸಿದ ತಾಯಂದಿರ ಮಕ್ಕಳು ಹೆಚ್ಚು ತೂಗಿದರು ಎಂಬುದೂ ಇದೇ ಹಳ್ಳಿಗಳಲ್ಲಿ ತಿಳಿಯಿತು.

ದೆಹಲಿಯಲ್ಲಿ 1969-72ರಲ್ಲಿ ಹುಟ್ಟಿದ 1,492 ಮಂದಿಯ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಹನ್ನೆರಡು ವರ್ಷದವರೆಗೆ ಬೇಗ ಬೇಗ ಮೈ ತುಂಬಿಕೊಂಡವರಲ್ಲೇ ಕಾಯಿಲೆ ಮತ್ತು ಅದರ ಹಿಂದಿನ ಹಂತ ಹೆಚ್ಚಾಗಿ ಕಂಡಿತು. ಹನ್ನೆರಡರಲ್ಲಿ ಅವರಲ್ಲಿ ಬಹುತೇಕರು ದಪ್ಪ ಮಕ್ಕಳೆನಿಸಿರಲಿಲ್ಲ ಎಂಬುದನ್ನು ಗಮನಿಸಿ.

ಎಲ್ಲವೂ ಗರ್ಭದ್ದೇ ಅಲ್ಲ

ಒಂದು ಸಿದ್ಧಾಂತ ಎಷ್ಟೇ ಚೆನ್ನಾಗಿದ್ದರೂ ಅದರ ವಿರುದ್ಧದ ಮಾತನ್ನೂ ಕೇಳಬೇಕು. ಇಂಗ್ಲೆಂಡಿನ ಹ್ಯಾಟರ್ಸ್‌ಲಿ ಮತ್ತು ಟೂಕ್ 1999ರಲ್ಲಿ ಬೇರೊಂದು ಕಾರಣ ತೋರಿಸಿದರು. ಇನ್ಸುಲಿನ್ ಗರ್ಭದ ಶಿಶುವನ್ನು ಬೆಳೆಸುವ ಹಾರ್ಮೋನು ಕೂಡ. ಆದ್ದರಿಂದ ಇನ್ಸುಲಿನ್ ಕಡಿಮೆ ಮಾಡುವ ಕೆಲವು ವಂಶವಾಹಿಗಳು ಹುಟ್ಟಿನ ತೂಕವನ್ನೂ ಇಳಿಸುತ್ತವೆ, ಮುಂದೆ ಕಾಯಿಲೆಯನ್ನೂ ತರುತ್ತವೆ. ಅಂಥ ವಂಶವಾಹಿಗಳು ನಂತರ ಪತ್ತೆಯಾದವು. ಹಾಗಾಗಿ ಇಂದು ತಿಳಿದವರು ಎರಡೂ ಸರಿ ಎನ್ನುತ್ತಾರೆ. 2008ರಲ್ಲಿ 31 ಜನಸಮೂಹಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆಚ್ಚಿನ ಕಡೆ ಹುಟ್ಟಿನ ತೂಕ ಒಂದು ಕಿಲೋ ಹೆಚ್ಚಾದರೆ ಅಪಾಯ ಸುಮಾರು ಕಾಲು ಭಾಗ ಇಳಿಯುತ್ತದೆ ಎಂದು ಕಂಡಿತು.

2024ರಲ್ಲಿ ಬಂದ ಒಂದು ಅಧ್ಯಯನವೂ ಗಮನಾರ್ಹ. ಬ್ರಿಟನ್ನಿನಲ್ಲಿ ಯುದ್ಧಕಾಲದ ಸಕ್ಕರೆ ಪಡಿತರ 1953ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅದಕ್ಕೆ ಮೊದಲು ಗರ್ಭದಲ್ಲೂ ಎಳವೆಯಲ್ಲೂ ಕಡಿಮೆ ಸಕ್ಕರೆ ಕಂಡವರಲ್ಲಿ, ನಂತರ ಹುಟ್ಟಿದವರಿಗಿಂತ ಸಕ್ಕರೆ ಕಾಯಿಲೆ ಸುಮಾರು ಶೇಕಡಾ 35ರಷ್ಟು ಕಡಿಮೆ ಇತ್ತು. ಕೊರತೆಯಷ್ಟೇ ಅಲ್ಲ, ಎಳವೆಯ ಅತಿ ಸಿಹಿಯೂ ಹಾನಿ ಎಂದಾಯಿತು.

ನಾವೇನು ಮಾಡಬೇಕು?

ಓದುಗರೇ, ಇದು ಪರದೇಶದ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ತೂಕ ದಾಖಲಾದ ಮಕ್ಕಳಲ್ಲಿ ಶೇಕಡಾ 18ರಷ್ಟು ಮಕ್ಕಳು ಎರಡೂವರೆ ಕಿಲೋಗಿಂತ ಕಡಿಮೆ. 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದಿತು. ಹಾಗಾಗಿ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಮೊದಲನೆಯದು, ತಾಯಂದಿರನ್ನು ದೂರಬೇಡಿ. ಕಡಿಮೆ ತೂಕದ ಮಗು ಹೆತ್ತವಳು ತಪ್ಪು ಮಾಡಿದವಳಲ್ಲ. ಅವಳ ಊಟದ ತಟ್ಟೆ ಅವಳ ಕೈಯಲ್ಲಿ ಎಂದೂ ಇರಲಿಲ್ಲ. ಎಲ್ಲರೂ ಉಂಡ ಮೇಲೆ ಉಳಿದದ್ದು ಹೆಣ್ಣುಮಕ್ಕಳಿಗೆ ಎಂಬ ಪದ್ಧತಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ತರಗತಿಯಲ್ಲಿ ಬೆಳಗಿನ ಎರಡನೆಯ ಪೀರಿಯಡ್‌ಗೇ ತಲೆ ಸುತ್ತುತ್ತದೆ ಎನ್ನುವವರು ಹೆಚ್ಚಾಗಿ ಹುಡುಗಿಯರೇ ಎಂಬುದನ್ನು ಶಿಕ್ಷಕರೆಲ್ಲರೂ ಬಲ್ಲರು. ಹೆಣ್ಣು ಶಿಶುವಿನ ಅಂಡಾಣುಗಳು ಅವಳು ತನ್ನ ತಾಯಿಯ ಗರ್ಭದಲ್ಲಿರುವಾಗಲೇ ರೂಪುಗೊಳ್ಳುತ್ತವೆ. ಅಂದರೆ ನೀವು ಹುಟ್ಟಿಬಂದ ಆ ಕಣ, ನಿಮ್ಮ ಅಜ್ಜಿಯ ಅನ್ನದಲ್ಲಿ ಆದದ್ದು. ಇಂದು ಶಾಲೆಗೆ ಬರುವ ಹುಡುಗಿಯ ತಟ್ಟೆಗೆ ಬೀಳುವ ಮೊಟ್ಟೆ, ಬೇಳೆ, ಸೊಪ್ಪು ಎರಡು ತಲೆಮಾರಿನ ಬುನಿಯಾದ್. ಹದಿನೆಂಟು ತುಂಬುವ ಮೊದಲು ಅವಳಿಗೆ ಮದುವೆ ಮಾಡಿದರೆ, ಬೆಳೆಯುತ್ತಿರುವ ದೇಹವೇ ಮತ್ತೊಂದು ದೇಹಕ್ಕೆ ಪಾಲು ಕೊಡಬೇಕಾಗುತ್ತದೆ.

ಎರಡನೆಯದು, ಗರ್ಭಿಣಿಗೆ ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುವ ಸುಲಭ ಪರೀಕ್ಷೆ ಇದು. ಬಸುರಿನಲ್ಲಿ ಸಕ್ಕರೆ ಬಂದವಳಿಗೆ ಹೆರಿಗೆಯ ನಂತರ ಇಳಿದರೂ, ಮುಂದೆ ಕಾಯಿಲೆಯ ಅಪಾಯ ಇದ್ದೇ ಇರುತ್ತದೆ. ಆಗಾಗ ಪರೀಕ್ಷೆ ಬೇಕು. ವೈದ್ಯರು ಕೊಟ್ಟ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಬಿಡಬಾರದು.

ಮೂರನೆಯದು, ಸಣ್ಣ ಮಗುವನ್ನು ಡಬ್ಬಿ ಹಾಲು, ಬಿಸ್ಕತ್ತು, ಸಿಹಿ ಕೊಟ್ಟು ಗುಂಡಗೆ ಮಾಡುವ ಹಟ ಬೇಡ. ಆರು ತಿಂಗಳವರೆಗೆ ತಾಯಿಯ ಹಾಲು, ನಂತರ ಅದರ ಜೊತೆಗೆ ಮನೆಯ ಊಟ. ದೆಹಲಿಯ ಪಾಠವನ್ನು ನೆನಪಿಡಿ.

ನಾಲ್ಕನೆಯದು ವಿದ್ಯಾರ್ಥಿಗಳಿಗೆ. ನೀವು ಕಡಿಮೆ ತೂಕದಲ್ಲಿ ಹುಟ್ಟಿದವರೆಂದು ತಿಳಿದರೆ ಹೆದರಬೇಡಿ. ಹಾರ್ಟ್‌ಫರ್ಡ್‌ಶೈರ್‌ನ ಸಣ್ಣ ಮಕ್ಕಳಲ್ಲೂ ನೂರರಲ್ಲಿ ಅರವತ್ತು ಮಂದಿ 64ನೆಯ ವಯಸ್ಸಿನಲ್ಲಿ ಕಾಯಿಲೆಯಿಲ್ಲದೆ ಇದ್ದರು. ಹುಟ್ಟಿನ ತೂಕ ಹಣೆಬರಹವಲ್ಲ, ಎಚ್ಚರಿಕೆಯ ಗಂಟೆ. ಆಟ, ನಡಿಗೆ, ದುಡಿಮೆಯಿಂದ ಸ್ನಾಯು ಬೆಳೆಸಿಕೊಳ್ಳಿ, ಹೊಟ್ಟೆ ಬೆಳೆಸಿಕೊಳ್ಳಬೇಡಿ. ಮೂವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಕೊನೆಯದಾಗಿ, ಬರೆದಿಡಿ. ಬರ್ನ್‌ಸೈಡ್ ಅವರ ದಾದಿಯರು, ಮಂಡಿ ಮೊಹಲ್ಲಾದ ಆಸ್ಪತ್ರೆಯ ಹೆಸರಿಲ್ಲದ ದಾದಿಯರು ತೂಗಿ ಬರೆಯದಿದ್ದರೆ ಈ ಜ್ಞಾನ ಯಾವುದೂ ನಮಗೆ ಸಿಗುತ್ತಿರಲಿಲ್ಲ. ಇಂದು ಮನೆಗೆ ಹೋದ ಮೇಲೆ ತಾಯಿಯನ್ನು ಕೇಳಿ: ನಾನು ಹುಟ್ಟಿದಾಗ ಎಷ್ಟು ತೂಗಿದ್ದೆ? ಅವರಿಗೆ ನೆನಪಿದ್ದರೆ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಮನೆಯಲ್ಲಿ ತಮ್ಮ ತಂಗಿಯರ ತಾಯಿ ಕಾರ್ಡ್ ಇದ್ದರೆ ಹರಿದುಹೋಗದಂತೆ ಜೋಪಾನವಾಗಿ ಎತ್ತಿಡಿ. ರಾತ್ರಿ ಊಟಕ್ಕೆ ಕೂತಾಗ ತಂಗಿಯ ತಟ್ಟೆಯನ್ನೂ, ತಾಯಿಯ ತಟ್ಟೆಯನ್ನೂ ಒಮ್ಮೆ ನೋಡಿ.